ಒಂದು, ಎರಡು, ನಾಲ್ಕು...

ಕೆಲವು ವರ್ಷಗಳ ಹಿಂದೆ ಊರಿನ ಮನೆ ಮೇಲೆ ಒಂದು ಕೋಣೆ ಹಾಕಿಸಿದೆವು. ಸ್ಲ್ಯಾಬ್ ಹಾಕುವ ದಿನ ನಾನು ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದೆ. ಒಂದು ಬಾಂಡ್ಲಿ ಸಿಮೆಂಟು, ಎರಡು ಬಾಂಡ್ಲಿ ಮರಳು, ನಾಲ್ಕು ಬಾಂಡ್ಲಿ ಜಲ್ಲಿ. "ಒಂದು, ಎರಡು, ನಾಲ್ಕು..." ಅಂತ ಎಣಿಸುತ್ತಾ, ನಡುನಡುವೆ "ಗಟ್ಟಿಯಾಯ್ತು, ಇನ್ನೊಂದು ಕೊಡ ನೀರು ಹಾಕ್ರೋ" ಅಂತ ಕೂಗುತ್ತಿದ್ದ.

"ಈ ಲೆಕ್ಕ ನಿನಗೆ ಹೇಳಿಕೊಟ್ಟವರು ಯಾರು?" ಅಂತ ಕೇಳಿದೆ.

"ನಮ್ಮಪ್ಪ."

"ಅವರಿಗೆ?"

"ಗೊತ್ತಿಲ್ಲ ಸಾರ್. ನಮ್ಮಜ್ಜ ಗಾರೆ ಕೆಲಸದೋರು, ಸಿಮೆಂಟು ಮುಟ್ಟಿದೋರಲ್ಲ" ಅಂತ ನಕ್ಕ.

ಅಲ್ಲಿಂದ ಈ ಪ್ರಶ್ನೆ ತಲೆಗೆ ಹತ್ತಿಕೊಂಡಿತು. ಎರಡೇ ತಲೆಮಾರಿನಲ್ಲಿ ಒಂದು ಇಡೀ ದೇಶದ ಕೈಗೆ ಹೊಸ ಲೆಕ್ಕ ಬಂದದ್ದು ಹೇಗೆ? ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ವ್ಯಾಪಾರಿಗಳ ಒಂದು ಸಂಘ!

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಅದರ ಕಲ್ಲುಗಳನ್ನು ಬೆಸೆದದ್ದು ಸಿಮೆಂಟಲ್ಲ, ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿ ಮಾಡಿದ ಸುರ್ಕಿ ಗಾರೆ. ಆಗ ಸಿಮೆಂಟು ಅಂದರೆ ಹಡಗಿನಲ್ಲಿ ಬರುವ ವಿದೇಶಿ ಸಾಮಾನು. 1904ರಲ್ಲಿ ಮದ್ರಾಸಿನಲ್ಲಿ ಸಿಮೆಂಟು ತಯಾರಿಸುವ ಪ್ರಯತ್ನ ನಡೆಯಿತಾದರೂ ಕೈಗೂಡಲಿಲ್ಲ. 1914ರಲ್ಲಿ ಪೋರಬಂದರಿನ ಕಾರ್ಖಾನೆ ಶುರುವಾಯಿತು. ಆ ವರ್ಷದ ಉತ್ಪಾದನೆ ಸಾವಿರ ಟನ್ನಿಗೂ ಕಡಿಮೆ.

ಅಷ್ಟರಲ್ಲಿ ಮೊದಲ ಮಹಾಯುದ್ಧ. ಆಮದು ಕುಸಿಯಿತು, ಇಲ್ಲಿಯ ಸಿಮೆಂಟಿಗೆ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಲಾಭದ ಆಸೆಗೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. ಮಾಲು ಹೆಚ್ಚಾಯಿತು, ಕೊಳ್ಳುವವರು ಹೆಚ್ಚಲಿಲ್ಲ. 1924ರ ಹೊತ್ತಿಗೆ ಒಬ್ಬರನ್ನೊಬ್ಬರು ಮುಗಿಸಲು ಖರ್ಚಿಗಿಂತ ಕಡಿಮೆ ಬೆಲೆಗೆ ಮಾರತೊಡಗಿದರು. ಕೆಲವು ಕಂಪನಿಗಳು ಮುಳುಗಿಯೇ ಹೋದವು. ರಕ್ಷಣೆ ಕೊಡಿ ಅಂತ ಟ್ಯಾರಿಫ್ ಬೋರ್ಡಿನ ಮುಂದೆ ಹೋದರು, ಆದರೆ ಬ್ರಿಟಿಷ್ ಸರಕಾರ ಕೊಡಲಿಲ್ಲ.

ಬೇರೆ ದಾರಿಯಿಲ್ಲದೆ, ಕತ್ತಿ ಹಿಡಿದಿದ್ದವರೇ ಒಟ್ಟಿಗೆ ಕೂತರು. 1925ರ ಸುಮಾರಿಗೆ ಬೆಲೆ ಕಾಯಲು ತಯಾರಕರ ಸಂಘ ಮಾಡಿಕೊಂಡರು. 1927ರಲ್ಲಿ ಇನ್ನೊಂದು ಕಟ್ಟಿದರು, ಹೆಸರು ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ. ಇದರ ಕೆಲಸ ಮಾರುವುದಲ್ಲ, ಕಲಿಸುವುದು. ಜನಕ್ಕೆ ಕಾಂಕ್ರೀಟ್ ಅಂದರೇನೆಂದೇ ಗೊತ್ತಿಲ್ಲದಿದ್ದರೆ ಸಿಮೆಂಟು ಕೊಳ್ಳುವವರು ಯಾರು? ಅದಕ್ಕೇ ಪುಸ್ತಿಕೆಗಳು, ಪುಕ್ಕಟೆ ತಾಂತ್ರಿಕ ಸಲಹೆ. ಅದೇ ವರ್ಷ 'ಇಂಡಿಯನ್ ಕಾಂಕ್ರೀಟ್ ಜರ್ನಲ್' ಎಂಬ ಪತ್ರಿಕೆಯೂ ಶುರುವಾಯಿತು. 'ಒಂದು, ಎರಡು, ನಾಲ್ಕು' ಇವರು ಕಂಡುಹಿಡಿದದ್ದೇನಲ್ಲ, ಹೊರದೇಶಗಳಲ್ಲಿ ಮೊದಲೇ ಇತ್ತು. ಆದರೆ ಸುರ್ಕಿಯ ನಾಡಿಗೆ ಕಾಂಕ್ರೀಟಿನ ಪಾಠ ಹಬ್ಬಿಸಿದ್ದರಲ್ಲಿ ಈ ಸಂಘದ ಪಾಲು ದೊಡ್ಡದು.

ಇಂಥದ್ದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ 1916ರಲ್ಲಿ ಸಿಮೆಂಟು ತಯಾರಕರು ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಸೋಸಿಯೇಷನ್ ಕಟ್ಟಿಕೊಂಡರು. ಅವರ ನೆರವಿನಿಂದ ನಡೆಯುತ್ತಿದ್ದ ಶಿಕಾಗೋದ ಪ್ರಯೋಗಾಲಯದಲ್ಲಿ ಡಫ್ ಅಬ್ರಾಮ್ಸ್ ಎಂಬಾತ ಸಾವಿರಾರು ತುಂಡುಗಳನ್ನು ಒಡೆದು ನೋಡಿ 1918ರಲ್ಲಿ ಒಂದು ನಿಯಮ ಹೇಳಿದ. ಕಾಂಕ್ರೀಟಿನ ಬಲ ಮುಖ್ಯವಾಗಿ ನಿಂತಿರುವುದು ನೀರು ಮತ್ತು ಸಿಮೆಂಟಿನ ಪ್ರಮಾಣದ ಮೇಲೆ. ನೀರು ಹೆಚ್ಚಾದಷ್ಟೂ ಬಲ ಕಡಿಮೆ. ವ್ಯಾಪಾರಿಗಳ ದುಡ್ಡಿನಿಂದ ಹುಟ್ಟಿದ ಈ ಮಾತು ಇವತ್ತಿಗೂ ಎಲ್ಲ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠ.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಹೇಳಲೇಬೇಕು. 1930ರಲ್ಲಿ ನಮ್ಮ ತಯಾರಕರು ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಮಾಡಿಕೊಂಡು, ಯಾರು ಎಷ್ಟು ಮಾರಬೇಕು ಅಂತ ಪಾಲು ಹಾಕಿಕೊಂಡರು. 1936ರಲ್ಲಿ ಹತ್ತು ಕಂಪನಿಗಳು ಬೆರೆತು ಎ.ಸಿ.ಸಿ. ಆಯಿತು. ಆ ಹತ್ತರಲ್ಲಿ ಒಂದು ಆಗ ನಿಜಾಮನ ಸಂಸ್ಥಾನದಲ್ಲಿದ್ದ ನಮ್ಮ ಶಹಾಬಾದಿನದು. ಕೂತು ಮಾತಾಡುವ ಕೋಣೆ ಒಂದಿದ್ದರೆ ಅಲ್ಲಿ ಪಾಠದ ಮಾತೂ ಬರುತ್ತದೆ, ಬೆಲೆಯ ಮಾತೂ ಬರುತ್ತದೆ ನೋಡಿ!

ಸ್ವಾತಂತ್ರ್ಯದ ನಂತರ ದಶಕಗಳ ಕಾಲ ಬೆಲೆ ಸರಕಾರದ ಕೈಯಲ್ಲಿತ್ತು. ಪರ್ಮಿಟ್ ಸಿಮೆಂಟಿಗಾಗಿ ಕಚೇರಿ ಅಲೆದ ಕಥೆ ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿರುತ್ತಾರೆ. 1982ರಲ್ಲಿ ಅರ್ಧ, 1989ರಲ್ಲಿ ಪೂರ್ತಿ ಹಗ್ಗ ಬಿಚ್ಚಿದರು. 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು, ಕಂಪನಿಗಳು ತಮ್ಮ ಸಂಘದ ವೇದಿಕೆಯನ್ನೇ ಬಳಸಿಕೊಂಡು ಒಳಒಪ್ಪಂದ ಮಾಡಿಕೊಂಡಿವೆ ಅಂತ ಹೇಳಿ ಆರು ಸಾವಿರ ಕೋಟಿಗೂ ಮೀರಿದ ದಂಡ ಹಾಕಿತು. ಕಂಪನಿಗಳು ಒಪ್ಪಲಿಲ್ಲ. 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು, 2018ರಲ್ಲಿ ಮೇಲ್ಮನವಿ ಸುಪ್ರೀಂ ಕೋರ್ಟ್ ಮುಟ್ಟಿತು.

ಇದನ್ನೆಲ್ಲ ಓದಿ "ಸಂಘಗಳೆಲ್ಲ ಕಳ್ಳರ ಕೂಟ" ಅಂದುಬಿಡುವುದು ಸುಲಭ. ನನಗೆ ಹಾಗನ್ನಿಸಲಿಲ್ಲ. ಸ್ವಾರ್ಥಕ್ಕೇ ಇರಲಿ, 1927ರಲ್ಲಿ ಯಾರೋ ಕೂತು ಕಲಿಸುವ ಕೆಲಸ ಹಚ್ಚಿಕೊಂಡರಲ್ಲ! ನನ್ನ ಚಿಂತೆ ಬೇರೆ.

ನಮ್ಮಲ್ಲಿ ಕಾಂಕ್ರೀಟಿಗೆ ಐ.ಎಸ್. 456 ಅಂತ ಒಂದು ಮಾನಕ ಇದೆ, ಮೊದಲು ಬಂದದ್ದು 1953ರಲ್ಲಿ. 2000ದ ಪರಿಷ್ಕರಣೆಯಲ್ಲಿ, ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ 20 ಬೇಕು ಅಂತಾಯಿತು. 'ಒಂದು, ಎರಡು, ನಾಲ್ಕು' ಸಾಮಾನ್ಯವಾಗಿ ಎಂ 15ಕ್ಕೆ ಸಮ. ಎಂ 20ಕ್ಕೆ ಹೇಳುವ ಲೆಕ್ಕ ಒಂದು, ಒಂದೂವರೆ, ಮೂರು. ಅಂದರೆ ನಮ್ಮ ಮೇಸ್ತ್ರಿಯ ಮಂತ್ರ ಸ್ಲ್ಯಾಬಿಗೆ ಸಾಲದು ಅಂತಾಗಿ ಎಷ್ಟೋ ವರ್ಷಗಳಾಗಿವೆ. ಆ ಮೇಲೊಂದು ಕೊಡ ನೀರಿಗೆ ಅಬ್ರಾಮ್ಸ್ ಏನನ್ನುತ್ತಿದ್ದನೋ!

ಈಗ ಸಂಘಗಳಿಗೇನೂ ಕೊರತೆಯಿಲ್ಲ. 1941ರಿಂದ ಬಿಲ್ಡರ್ಸ್ ಅಸೋಸಿಯೇಷನ್ ಇದೆ, 1982ರಿಂದ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಇದೆ. ಕಂಪನಿಗಳೂ ಅಲ್ಲಲ್ಲಿ ಮೇಸ್ತ್ರಿಗಳಿಗೆ ಶಿಬಿರ ಮಾಡುತ್ತವೆ. ಆದರೂ ಹಳೆಯ ಪಾಠ ಅಜ್ಜನ ಕಾಲದಿಂದ ಮೊಮ್ಮಗನವರೆಗೆ ಬಂದಷ್ಟು ಗಟ್ಟಿಯಾಗಿ ಅದರ ತಿದ್ದುಪಡಿ ನಮ್ಮೂರ ತನಕ ಬಂದಿಲ್ಲ.

ನನಗಿದೆಲ್ಲ ತಿಳಿಯುವ ಹೊತ್ತಿಗೆ ನಮ್ಮ ಸ್ಲ್ಯಾಬ್ ಒಣಗಿ ತಿಂಗಳುಗಳಾಗಿದ್ದವು. ಆಮೇಲೊಮ್ಮೆ ಮೇಸ್ತ್ರಿ ಸಿಕ್ಕಾಗ ಹೇಳಿದೆ. ಅವನು ಬೇಜಾರು ಮಾಡಿಕೊಳ್ಳದೆ ಎರಡು ಸಲ ಬಾಯಲ್ಲಿ ಹೇಳಿಕೊಂಡ: "ಒಂದು, ಒಂದೂವರೆ, ಮೂರು..." ಆಮೇಲೆ, "ಇದನ್ನ ಮೊದ್ಲೇ ಯಾರಾದ್ರೂ ಹೇಳ್ಬಾರ್ದಿತ್ತಾ ಸಾರ್?" ಅಂದ.

ನಿಮ್ಮೂರಲ್ಲಿ ಯಾವ ಲೆಕ್ಕ ನಡೆಯುತ್ತಿದೆ? ಮನೆ ಕಟ್ಟಿಸುತ್ತಿದ್ದರೆ ಒಮ್ಮೆ ಬಾಂಡ್ಲಿ ಎಣಿಸಿ ನೋಡಿ. ಕೊಡವನ್ನೂ.