ಗ್ರಾಫಿಕ್ಸ್ ಕಲಿಯಲು ಯಾವ ಪುಸ್ತಕ?

ಕಂಪ್ಯೂಟರ್ ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲಿಯಬೇಕು, ಯಾವ ಪುಸ್ತಕ ಕೊಳ್ಳಲಿ ಎಂದು ಕಿರಿಯರು ಕೇಳಿದರೆ ನಾನು ಕೂಡಲೇ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ಅದರ ಹಳೆಯ ಆವೃತ್ತಿಯೊಂದನ್ನು ಎಲ್ಲಿಂದಲೋ ತಂದು, ಮೊದಲ ಅಧ್ಯಾಯದ ಪ್ರೋಗ್ರಾಮ್ ಟೈಪ್ ಮಾಡಿ, ಅದು ಓಡದೆ ಹೋದಾಗ ತಮಗೇ ಈ ವಿದ್ಯೆ ಹತ್ತುವುದಿಲ್ಲ ಎಂದುಕೊಂಡು ಕೈಬಿಡುತ್ತಾರೆ. ತಪ್ಪು ಅವರದಲ್ಲ. ಈ ವಿಷಯದ ಪುಸ್ತಕಗಳಿಗೆ ಬೇರೆ ಬೇರೆ ಆಯಸ್ಸಿದೆ. ಒಂದೇ ಪುಸ್ತಕದೊಳಗಿನ ಎರಡು ಅಧ್ಯಾಯಗಳಿಗೂ ಆಯಸ್ಸು ಬೇರೆ. ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1963ರಲ್ಲಿ ಐವನ್ ಸದರ್‌ಲ್ಯಾಂಡ್ ಎಂಐಟಿಗೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಷಯ 'ಸ್ಕೆಚ್‌ಪ್ಯಾಡ್'. ಟಿಎಕ್ಸ್-2 ಎಂಬ ಯಂತ್ರದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದರೆ ಯಂತ್ರ ಅದನ್ನು ನೆನಪಿಟ್ಟುಕೊಂಡು ತಿದ್ದಲು ಬಿಡುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲು ಐಬಿಎಂನಲ್ಲಿದ್ದ ಜಾಕ್ ಬ್ರೆಸೆನ್‌ಹ್ಯಾಮ್, ಕಾಗದದ ಮೇಲೆ ಪೆನ್ನು ಓಡಿಸುವ ಪ್ಲಾಟರ್ ಯಂತ್ರಕ್ಕಾಗಿ ಒಂದು ವಿಧಾನ ಕಂಡುಕೊಂಡಿದ್ದರು. ಓರೆಗೆರೆ ಎಳೆಯುವಾಗ ಮುಂದಿನ ಚುಕ್ಕೆ ನೇರಕ್ಕೆ ಹೋಗಬೇಕೋ, ಒಂದು ಮೆಟ್ಟಿಲು ಹತ್ತಬೇಕೋ? ಭಾಗಾಕಾರವಿಲ್ಲದೆ, ದಶಮಾಂಶವಿಲ್ಲದೆ, ಪೂರ್ಣಾಂಕಗಳನ್ನು ಕೂಡುತ್ತ, ಬಂದ ಮೊತ್ತ ಋಣವೋ ಧನವೋ ಎಂದಷ್ಟೇ ನೋಡಿ ಅದನ್ನು ತೀರ್ಮಾನಿಸಬಹುದು. ಆ ಲೇಖನ ಅಚ್ಚಾದದ್ದು 1965ರಲ್ಲಿ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಅದನ್ನು ಪರೀಕ್ಷೆಯಲ್ಲಿ ಬರೆಯುತ್ತಾರೆ.

ಆ ಹತ್ತು ವರ್ಷ ಈ ವಿದ್ಯೆ ಇದ್ದದ್ದು ಪ್ರಬಂಧಗಳಲ್ಲಿ, ಸಮ್ಮೇಳನದ ಸಂಪುಟಗಳಲ್ಲಿ, ಬಹುಪಾಲು ಕೆಲವರ ತಲೆಯಲ್ಲಿ. ಎಂಐಟಿ, ಹಾರ್ವರ್ಡ್, ಯೂಟಾ ವಿಶ್ವವಿದ್ಯಾಲಯದಂಥ ಕಡೆ ಇದ್ದವರಿಗೆ ಅದು ಸಿಕ್ಕಿತು, ಉಳಿದವರಿಗೆ ಇಲ್ಲ. 1973ರಲ್ಲಿ ವಿಲಿಯಂ ನ್ಯೂಮನ್ ಮತ್ತು ರಾಬರ್ಟ್ ಸ್ಪ್ರೌಲ್ ಬರೆದ 'ಪ್ರಿನ್ಸಿಪಲ್ಸ್ ಆಫ್ ಇಂಟರ್‌ಆಕ್ಟಿವ್ ಕಂಪ್ಯೂಟರ್ ಗ್ರಾಫಿಕ್ಸ್' ಆ ಬೇಲಿಯನ್ನು ಮುರಿಯಿತು. ಕಿಟಕಿಯ ಚೌಕಟ್ಟಿನಾಚೆಗಿನ ಗೆರೆಯನ್ನು ಕತ್ತರಿಸುವ ಕೋಹೆನ್-ಸದರ್‌ಲ್ಯಾಂಡ್ ವಿಧಾನ ಹೊರಗಿನವರಿಗೆ ತಲುಪಿದ್ದು ಹೆಚ್ಚಾಗಿ ಈ ಪುಸ್ತಕದ ಮೂಲಕ. ಪಠ್ಯಪುಸ್ತಕ ಬರೆಯುವುದನ್ನು ಎರಡನೇ ದರ್ಜೆಯ ಕೆಲಸವೆಂದು ಕಾಣುವ ಸಂಶೋಧಕರಿಗೆ ನಾನು ಈ ಪುಸ್ತಕವನ್ನು ತೋರಿಸುತ್ತೇನೆ.

ಆದರೆ ಅದು ಗೆರೆಗಳ ಕಾಲದ ಪುಸ್ತಕ. ಆಗಿನ ಪರದೆಗಳಲ್ಲಿ ಬಹುಪಾಲು ಗೆರೆಗಳನ್ನೇ ಎಳೆಯುತ್ತಿದ್ದವು. ಇಡೀ ಪರದೆಯನ್ನು ಚುಕ್ಕೆಗಳಾಗಿ ಸ್ಮೃತಿಯಲ್ಲಿ ಇಡಬೇಕೆಂದರೆ, ಅಡ್ಡಕ್ಕೆ 512, ಉದ್ದಕ್ಕೆ 512 ಚುಕ್ಕೆ, ಚುಕ್ಕೆಗೊಂದು ಬೈಟ್ ಎಂದು ಹಿಡಿದರೂ 2,62,144 ಬೈಟ್ ಬೇಕು. ಅಂದಿನ ಬೆಲೆಗೆ ಅದು ಐಷಾರಾಮ. ಸ್ಮೃತಿ ಅಗ್ಗವಾಗುತ್ತ ಬಂದಂತೆ 1979ರ ಎರಡನೇ ಆವೃತ್ತಿಯಲ್ಲಿ ಲೇಖಕರು ಚುಕ್ಕೆಪರದೆಯ ಭಾಗವನ್ನು ಸೇರಿಸಿದರು. ಆರು ವರ್ಷಕ್ಕೇ ಪುಸ್ತಕ ಮೈ ಬದಲಿಸಬೇಕಾಯಿತು.

ಮುಂದಿನದು ಜೇಮ್ಸ್ ಫೋಲಿ ಮತ್ತು ಆಂಡ್ರೀಸ್ ವ್ಯಾನ್ ಡ್ಯಾಮ್ ಅವರ 1982ರ ಪುಸ್ತಕ. 1990ರಲ್ಲಿ ಫೈನರ್ ಮತ್ತು ಹ್ಯೂಸ್ ಜೊತೆಗೂಡಿ ಅದು ಸಾವಿರ ಪುಟ ದಾಟಿದ 'ಕಂಪ್ಯೂಟರ್ ಗ್ರಾಫಿಕ್ಸ್: ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸ್' ಆಯಿತು. ಇದನ್ನು ಈ ವಿಷಯದ ಬೈಬಲ್ ಎನ್ನುವವರಿದ್ದಾರೆ. ನನಗೆ ಅದು ನಿಘಂಟಿನ ಹಾಗೆ ಕಾಣುತ್ತದೆ. ಬೇಕಾದಾಗ ತೆಗೆದು ನೋಡಲು ಇದಕ್ಕಿಂತ ಒಳ್ಳೆಯದಿಲ್ಲ, ಮೊದಲಿನಿಂದ ಓದಿಕೊಂಡು ಹೋದರೆ ಮುಗಿಯುವುದಿಲ್ಲ. ಅದರ ಅಭ್ಯಾಸಗಳಿಗಾಗಿಯೇ ಲೇಖಕರು ಎರಡು ಸಾಫ್ಟ್‌ವೇರ್ ಪೊಟ್ಟಣಗಳನ್ನು ರೂಪಿಸಿದ್ದರು. ಇಂದು ಅವುಗಳ ಹೆಸರು ಹೇಳಿದರೆ ನಮ್ಮ ಲ್ಯಾಬಿನಲ್ಲಿ ಯಾರಿಗೂ ತಿಳಿಯದು. ಬೆಳಕು, ಬಣ್ಣ, ವಕ್ರರೇಖೆಗಳ ಅಧ್ಯಾಯಗಳು ಮಾತ್ರ ಈಗಲೂ ಗಟ್ಟಿಮುಟ್ಟಾಗಿವೆ.

ಈ ಎರಡು ಆವೃತ್ತಿಗಳ ನಡುವೆ ಇನ್ನೊಂದು ಬದಲಾವಣೆಯಾಯಿತು. ನೋಡಲು ಚಿಕ್ಕದು, ಆದರೆ ಸ್ವಂತವಾಗಿ ಓದುವವರು ಎಡವುವುದು ಇಲ್ಲಿಯೇ. ಒಂದು ಬಿಂದುವನ್ನು ತಿರುಗಿಸಲು, ಸರಿಸಲು ಅದನ್ನು ಮಾತೃಕೆಯೊಂದಿಗೆ ಗುಣಿಸಬೇಕು. ಬಿಂದುವನ್ನು ಅಡ್ಡಸಾಲಾಗಿ ಬರೆದರೆ ಅದು ಮಾತೃಕೆಯ ಎಡಕ್ಕೆ ಬರುತ್ತದೆ, ಕಂಬಸಾಲಾಗಿ ಬರೆದರೆ ಬಲಕ್ಕೆ. 1982ರ ಪುಸ್ತಕದಲ್ಲಿ ಅಡ್ಡಸಾಲು, 1990ರದರಲ್ಲಿ ಕಂಬಸಾಲು. ಎರಡೂ ಸರಿ. ಆದರೆ ಒಂದರಿಂದ ಇನ್ನೊಂದಕ್ಕೆ ಬಂದಾಗ ಮಾತೃಕೆಯ ಸಾಲುಗಳು ಕಂಬಗಳಾಗುತ್ತವೆ, ಗುಣಿಸುವ ಕ್ರಮ ತಿರುವುಮುರುವಾಗುತ್ತದೆ. ಮೊದಲು ತಿರುಗಿಸಿ ಆಮೇಲೆ ಸರಿಸಿದರೆ ಚೌಕ ತನ್ನ ಜಾಗದಲ್ಲೇ ತಿರುಗಿಕೊಂಡು ಆಚೆ ಹೋಗಿ ನಿಲ್ಲುತ್ತದೆ. ಮೊದಲು ಸರಿಸಿ ಆಮೇಲೆ ತಿರುಗಿಸಿದರೆ ಮೂಲಬಿಂದುವಿನ ಸುತ್ತ ಗಾಣದೆತ್ತಿನಂತೆ ಸುತ್ತುತ್ತದೆ. ಓಪನ್‌ಜಿಎಲ್ ಪುಸ್ತಕಗಳು ಕಂಬಸಾಲಿನವು, ಮೈಕ್ರೋಸಾಫ್ಟಿನ ಡೈರೆಕ್ಟ್3ಡಿ ಪುಸ್ತಕಗಳು ಸಾಮಾನ್ಯವಾಗಿ ಅಡ್ಡಸಾಲಿನವು. ಒಂದರ ಸೂತ್ರವನ್ನು ಇನ್ನೊಂದರ ಪ್ರೋಗ್ರಾಮಿಗೆ ತಂದು ಹಾಕಿ ಎರಡು ರಾತ್ರಿ ಕಳೆದುಕೊಂಡವರು ನನ್ನ ಸಹಪಾಠಿಗಳಲ್ಲಿ ಒಬ್ಬಿಬ್ಬರಲ್ಲ.

ಓಪನ್‌ಜಿಎಲ್ ಬಂದದ್ದು 1992ರಲ್ಲಿ, ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಿಂದ. ಮರುವರ್ಷ ಅದರ ಕೈಪಿಡಿ ಬಂತು. ಹೊದಿಕೆಯ ಬಣ್ಣದಿಂದ ಅದಕ್ಕೆ 'ರೆಡ್ ಬುಕ್' ಎಂದೇ ಹೆಸರಾಯಿತು. 1997ರ ಹೊತ್ತಿಗೆ ಎಡ್ವರ್ಡ್ ಏಂಜಲ್ ಅವರ ಪಠ್ಯಪುಸ್ತಕ. ಏಂಜಲ್ ಮಾಡಿದ್ದು ಕ್ರಮವನ್ನೇ ತಲೆಕೆಳಗು ಮಾಡುವ ಕೆಲಸ: ಗೆರೆ ಎಳೆಯುವ ವಿಧಾನದಿಂದ ಶುರುಮಾಡದೆ, ಮೊದಲ ವಾರವೇ ಪರದೆಯ ಮೇಲೆ ಚಿತ್ರ ಮೂಡಿಸಿ, ಆಮೇಲೆ ಅದು ಹೇಗೆ ಮೂಡಿತು ಎಂದು ಒಳಗಿಳಿಯುವುದು. ಉತ್ಸಾಹ ಉಳಿಸುವುದಕ್ಕೆ ಇದೇ ಒಳ್ಳೆಯ ದಾರಿ ಎಂಬುದು ನನ್ನ ಅನುಭವ.

ಕರ್ನಾಟಕಕ್ಕೆ ಏಂಜಲ್ ಬಂದದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದ ಮೂಲಕ. 2010ರ ಸ್ಕೀಮಿನಲ್ಲಿ ಆರನೇ ಸೆಮಿಸ್ಟರಿಗೆ ಅದರ ಐದನೇ ಆವೃತ್ತಿ ಪಠ್ಯವಾಗಿತ್ತು. ಜೊತೆಗೆ ಓಪನ್‌ಜಿಎಲ್ ಲ್ಯಾಬ್, ಕೊನೆಗೊಂದು ಮಿನಿ ಪ್ರಾಜೆಕ್ಟ್. ತಿರುಗುವ ಬಣ್ಣದ ಘನ, ಸಿಯರ್ಪಿನ್‌ಸ್ಕಿ ತ್ರಿಕೋನ, ಮೇಜಿನ ಮೇಲಿನ ಟೀ ಕೆಟಲ್: ನನ್ನ ಓರಗೆಯವರಿಗೆಲ್ಲ ಇವು ಗೊತ್ತು. ಆ ಕೆಟಲ್ 1975ರಲ್ಲಿ ಯೂಟಾದಲ್ಲಿ ಮಾರ್ಟಿನ್ ನ್ಯೂವೆಲ್ ರೂಪಿಸಿದ್ದು ಎಂದು ಗೊತ್ತಿದ್ದವರು ಕಡಿಮೆ. ಮಿನಿ ಪ್ರಾಜೆಕ್ಟುಗಳು ಸೀನಿಯರುಗಳ ಪೆನ್‌ಡ್ರೈವಿನಿಂದ ಜೂನಿಯರುಗಳಿಗೆ ಇಳಿದು ಬರುತ್ತಿದ್ದವು. ಅದೂ ಒಂದು ಬಗೆಯ ಹಸ್ತಪ್ರತಿ ಪರಂಪರೆ, ಪಾಠಾಂತರಗಳ ಸಮೇತ.

ಅಷ್ಟರಲ್ಲಿ ಯಂತ್ರ ಮುಂದೆ ಹೋಗಿತ್ತು. ಐದನೇ ಆವೃತ್ತಿಯ ಉದಾಹರಣೆಗಳು ಜಿಎಲ್‌ಬಿಗಿನ್, ಜಿಎಲ್‌ಎಂಡ್ ನಡುವೆ ಬಿಂದುಗಳನ್ನು ಒಂದೊಂದಾಗಿ ಕೊಡುವಂಥವು. 2008ರ ಓಪನ್‌ಜಿಎಲ್ 3.0 ಆ ಪದ್ಧತಿಗೆ ವಿದಾಯ ಸೂಚಿಸಿತು, ಮರುವರ್ಷದ 3.1 ಅದನ್ನು ಮುಖ್ಯ ಭಾಗದಿಂದ ತೆಗೆದೇಹಾಕಿತು. ಹಳೆಯದರೊಂದಿಗೆ ಹೊಂದಿಕೊಳ್ಳುವ ಸೌಲಭ್ಯ ಉಳಿದದ್ದರಿಂದ ಪ್ರೋಗ್ರಾಮುಗಳೇನೋ ಎಷ್ಟೋ ಕಡೆ ಓಡುತ್ತಲೇ ಇದ್ದವು. ಹಳೆಯ ದಾರಿಯಲ್ಲಿ ಬೆಳಕಿನ ಲೆಕ್ಕ ಯಂತ್ರದೊಳಗೇ ಅಡಗಿತ್ತು. ಬೆಳಕು ಎಲ್ಲಿದೆ, ಎಷ್ಟಿದೆ ಎಂದು ಸಂಖ್ಯೆ ಕೊಟ್ಟರೆ ಮುಗಿಯಿತು. ಅದು ಮೂಲೆಗಳಲ್ಲಿ ಮಾತ್ರ ಬಣ್ಣ ಎಣಿಸಿ ನಡುವಿನದನ್ನು ಹೊಂದಿಸುತ್ತಿತ್ತು. ವಿಯೆಟ್ನಾಂ ಮೂಲದ ಬುಯಿ ತುವಾಂಗ್ ಫಾಂಗ್ 1973ರಲ್ಲಿ ಯೂಟಾದ ಪ್ರಬಂಧದಲ್ಲಿ ಪ್ರತಿ ಚುಕ್ಕೆಗೂ ಬೆಳಕು ಎಣಿಸುವ ಕ್ರಮವನ್ನು ವಿವರಿಸಿದ್ದರು, 1975ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಅವರ ಸೂತ್ರವನ್ನು ವಿದ್ಯಾರ್ಥಿ ತಾನೇ ಬರೆದು ಪರದೆಯಲ್ಲಿ ನೋಡಬೇಕಾದರೆ ಶೇಡರ್ ಬೇಕು. ಶೇಡರ್ ಕಲಿಸುವ ಪುಸ್ತಕದಲ್ಲಿ ಅದು ಕೆಲವೇ ಸಾಲಿನ ಕೆಲಸ. ಏಂಜಲ್ ಅವರೇ ಆರನೇ ಆವೃತ್ತಿಯನ್ನು ಶೇಡರಿಗೂ ಏಳನೆಯದನ್ನು ವೆಬ್‌ಜಿಎಲ್‌ಗೂ ಬದಲಿಸಿದರು. ಒಂದೇ ಹೆಸರು, ಆದರೆ ಐದನೆಯದನ್ನು ಓದಿದವನೂ ಏಳನೆಯದನ್ನು ಓದಿದವನೂ ಕಲಿತದ್ದು ಬೇರೆ ಬೇರೆ.

ಹಾಗಾಗಿ ಪುಸ್ತಕ ಕೈಗೆ ಬಂದಾಗ ಮೊದಲು ಆವೃತ್ತಿ ನೋಡಿ, ಆಮೇಲೆ ರೂಪಾಂತರಗಳ ಅಧ್ಯಾಯ ತೆರೆದು ಬಿಂದುವನ್ನು ಎಡಕ್ಕೆ ಬರೆದಿದ್ದಾರೋ ಬಲಕ್ಕೋ ನೋಡಿ. ಗಣಿತಕ್ಕೆ ಗ್ರಂಥಾಲಯದ ಹಳೆಯ ಪುಸ್ತಕ ಸಾಕು, ಹಣ ಖರ್ಚು ಮಾಡುವುದಾದರೆ ಯಂತ್ರದ ಪುಸ್ತಕಕ್ಕೆ ಮಾಡಿ. ಎಷ್ಟೋ ಜನ ಮಾಡುವುದು ಇದಕ್ಕೆ ವಿರುದ್ಧ.

ಖರ್ಚೇ ಬೇಡ ಎನ್ನುವವರಿಗೆ ಪೀಟರ್ ಶರ್ಲಿ ಅವರ 'ರೇ ಟ್ರೇಸಿಂಗ್ ಇನ್ ಒನ್ ವೀಕೆಂಡ್' ಇದೆ. 2016ರ ಪುಸ್ತಕ, ಈಗ ಉಚಿತ. ಗ್ರಾಫಿಕ್ಸ್ ಕಾರ್ಡ್ ಬೇಡ, ಓಪನ್‌ಜಿಎಲ್ಲೂ ಬೇಡ. ಒಂದು ಸಿ++ ಕಂಪೈಲರ್ ಇದ್ದರೆ ಆಯಿತು. ಪ್ರೋಗ್ರಾಮು ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಯ ಸಂಖ್ಯೆಗಳನ್ನು ಸಾದಾ ಕಡತಕ್ಕೆ ಬರೆಯುತ್ತದೆ, ಅದೇ ಚಿತ್ರ. ಗೇಮ್ ಕಂಪನಿಯ ಕೆಲಸಕ್ಕೆ ಇದೊಂದೇ ಸಾಲದು, ಶೇಡರಿನ ಪಾಠ ಇದರಲ್ಲಿಲ್ಲ. ಆದರೂ ಗಾಜಿನ ಗೋಲಿ, ಲೋಹದ ಗೋಲಿಗಳ ಆ ಕೊನೆಯ ಚಿತ್ರವನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಲು ಬಿಟ್ಟರೆ ಊಟ ಮುಗಿಸಿ ಬಂದರೂ ಅದು ಇನ್ನೂ ಎಣಿಸುತ್ತಲೇ ಇರುತ್ತದೆ.