ಸ್ನೋಯಿ ಜಲವಿದ್ಯುತ್ ಯೋಜನೆಯೂ ವಲಸೆಯ ಕುಶಲಕರ್ಮಿಗಳೂ

ಜನವಿರಳವಾದ ಪ್ರದೇಶದಲ್ಲಿ ದೊಡ್ಡ ಕಾಮಗಾರಿಯನ್ನು ಕೈಗೊಳ್ಳುವ ಸರ್ಕಾರಕ್ಕೆ ಎರಡು ಪ್ರಶ್ನೆಗಳು ಎದುರಾಗುತ್ತವೆ: ಕೆಲಸ ಬಲ್ಲವರನ್ನು ಅಲ್ಲಿಗೆ ಕರೆತರುವುದು ಹೇಗೆ? ಬಂದವರನ್ನು ಅಲ್ಲಿ ಉಳಿಸಿಕೊಳ್ಳುವುದು ಹೇಗೆ? ಮೊದಲನೆಯದಕ್ಕೆ ಕಾನೂನು ಉತ್ತರ ಕೊಡಬಲ್ಲದು. ಎರಡನೆಯದಕ್ಕೆ ಕಾನೂನೊಂದೇ ಸಾಲದು. ಎರಡನೆಯ ಮಹಾಯುದ್ಧದ ತರುವಾಯ ಆಸ್ಟ್ರೇಲಿಯದಲ್ಲಿ ನಡೆದ ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯ ಇತಿಹಾಸವನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮೂಲನಿವಾಸಿಗಳನ್ನು ಲೆಕ್ಕಕ್ಕೆ ಸೇರಿಸದ 1947ರ ಜನಗಣತಿಯ ಪ್ರಕಾರ ಆ ಖಂಡದ ಜನಸಂಖ್ಯೆ ಸುಮಾರು 76 ಲಕ್ಷ. ಇಷ್ಟು ಕಡಮೆ ಜನರಿಂದ ದೇಶದ ರಕ್ಷಣೆಯೂ ಅಭಿವೃದ್ಧಿಯೂ ಸಾಧ್ಯವಿಲ್ಲವೆಂಬ ಭಾವನೆ ಯುದ್ಧಕಾಲದಲ್ಲಿ ಬಲವಾಯಿತು. 1945ರಲ್ಲಿ ವಲಸೆಗೆಂದೇ ಒಂದು ಇಲಾಖೆ ಏರ್ಪಟ್ಟು, ಆರ್ಥರ್ ಕಾಲ್ವೆಲ್ ಅದರ ಪ್ರಥಮ ಸಚಿವನಾದನು. ಬ್ರಿಟನ್ನಿನಿಂದ ಸಾಕಷ್ಟು ಜನ ಬಾರದಿರಲು, 1947ರ ಜುಲೈಯಲ್ಲಿ ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯೊಡನೆ ಒಪ್ಪಂದವಾಯಿತು. ತರುವಾಯದ ಕೆಲವು ವರ್ಷಗಳಲ್ಲಿ ಯೂರೋಪಿನ ಶಿಬಿರಗಳಿಂದ ಸುಮಾರು 1,70,000 ನಿರಾಶ್ರಿತರು ಬಂದಿಳಿದರು. ಸರ್ಕಾರ ತೋರಿದ ಸ್ಥಳದಲ್ಲಿ, ತೋರಿದ ಕೆಲಸವನ್ನು ಎರಡು ವರ್ಷ ಮಾಡತಕ್ಕದ್ದೆಂಬುದು ಅವರಿಗೆ ವಿಧಿಸಿದ ಕರಾರು. 1901ರ ವಲಸೆ ನಿರ್ಬಂಧ ಶಾಸನವಾದರೋ ಜಾರಿಯಲ್ಲೇ ಇದ್ದುದರಿಂದ, ಏಷ್ಯದ ಕುಶಲಕರ್ಮಿಗೆ ಈ ಬಾಗಿಲು ತೆರೆಯಲಿಲ್ಲ. ಕೆಲಸಗಾರರ ಅಭಾವ ಎಷ್ಟೇ ತೀವ್ರವಾಗಿದ್ದರೂ ವರ್ಣಭೇದದ ನೀತಿ ಅದಕ್ಕೆ ಮಣಿಯಲಿಲ್ಲವೆಂಬುದು ಗಮನಾರ್ಹ.

ಇಂತಹ ಸಂದರ್ಭದಲ್ಲಿ, 1949ರ ಅಕ್ಟೋಬರ್ 17ರಂದು, ಸ್ನೋಯಿ ಯೋಜನೆಗೆ ಆರಂಭೋತ್ಸವವಾಯಿತು. ದಕ್ಷಿಣಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಸ್ನೋಯಿ ನದಿಯ ನೀರನ್ನು ಸುರಂಗಗಳ ಮೂಲಕ ಪಶ್ಚಿಮಕ್ಕೆ ತಿರುಗಿಸಿ, ವಿದ್ಯುತ್ತನ್ನು ಪಡೆದು, ಒಣಭೂಮಿಗೆ ನೀರಾವರಿ ಒದಗಿಸುವುದು ಅದರ ಉದ್ದೇಶ. 1974ರ ವೇಳೆಗೆ 16 ಮುಖ್ಯ ಅಣೆಕಟ್ಟುಗಳೂ 7 ವಿದ್ಯುದಾಗಾರಗಳೂ ಸುಮಾರು 145 ಕಿಲೋಮೀಟರ್ ಉದ್ದದ ಸುರಂಗಗಳೂ ಪೂರ್ಣಗೊಂಡವು. ಚಳಿಗಾಲದಲ್ಲಿ ಹಿಮ ಮುಚ್ಚುವ ಆ ಬೆಟ್ಟಗಳಲ್ಲಿ ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನ ದುಡಿದರು. ಅವರು ಮೂವತ್ತಕ್ಕೂ ಹೆಚ್ಚು ದೇಶಗಳಿಗೆ ಸೇರಿದವರು. ಸುಮಾರು ಮೂರರಲ್ಲಿ ಎರಡು ಪಾಲು ವಲಸೆ ಬಂದವರು. ಕೆಲಸದಲ್ಲಿ ಪ್ರಾಣ ತೆತ್ತವರು 121 ಮಂದಿ.

ಯೋಜನೆಯ ಮುಖ್ಯಾಧಿಕಾರಿ ವಿಲಿಯಂ ಹಡ್ಸನ್ ಕರಾರಿನ ಆಳುಗಳನ್ನಷ್ಟೇ ನೆಚ್ಚಿ ಕೂರಲಿಲ್ಲ. ಜರ್ಮನಿಯಿಂದ ಕುಶಲಕರ್ಮಿಗಳನ್ನು ಆರಿಸಿ ತರಿಸಿದನು. ಗುಥೆಗ ಕಾಮಗಾರಿಯನ್ನು ವಹಿಸಿಕೊಂಡ ನಾರ್ವೆಯ ಕಂಪನಿ ತನ್ನ ದೇಶದ ಕೆಲಸಗಾರರನ್ನು ಕರೆತಂದಿತು. ಆಸ್ಟ್ರೇಲಿಯದ ತರುಣ ಇಂಜಿನಿಯರುಗಳು ತರಬೇತಿಗಾಗಿ ಅಮೆರಿಕಕ್ಕೆ ಹೋದರು. ಬೆಟ್ಟಗಳಲ್ಲಿ ಕೂಲಿಯ ದರ ಹೆಚ್ಚು. ಕೂಮ ಪಟ್ಟಣದಲ್ಲಿಯೂ ಹೊಸದಾಗಿ ಕಟ್ಟಿದ ಊರುಗಳಲ್ಲಿಯೂ ಸಂಸಾರಸ್ಥರಿಗೆ ಮನೆಗಳು ದೊರೆತವು. ನಿನ್ನೆ ರಣರಂಗದಲ್ಲಿ ಪರಸ್ಪರ ಶತ್ರುಗಳಾಗಿದ್ದವರು ಇಂದು ಒಂದೇ ಸುರಂಗದಲ್ಲಿ ಬಂಡೆ ಒಡೆದರು. ಕಾಮಗಾರಿ ಮುಗಿದಂತೆಲ್ಲ ಬಹುಮಂದಿ ಚದುರಿಹೋದರೂ, ಕೂಮದಲ್ಲಿ ಬೇರೂರಿದ ಕುಟುಂಬಗಳೂ ಉಂಟು.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವಿದೆ. ಕರಾರಿನ ಪಟ್ಟಿಯಲ್ಲಿ ಗಂಡಸರನ್ನು ‘ಕೂಲಿಗಳು’ ಎಂದೂ ಹೆಂಗಸರನ್ನು ‘ಮನೆಗೆಲಸದವರು’ ಎಂದೂ ನಮೂದಿಸುವುದು ವಾಡಿಕೆಯಾಗಿತ್ತು. ಅವರ ವಿದ್ಯೆ ಯಾವುದೆಂಬುದನ್ನು ಕೇಳುವವರಿರಲಿಲ್ಲ. ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಪಡೆದಿದ್ದ ವೈದ್ಯರ ಸ್ಥಿತಿ ಅತ್ಯಂತ ಶೋಚನೀಯ. ಅವರ ಪದವಿಗಳಿಗೆ ಮಾನ್ಯತೆ ದೊರೆಯದೆ ಎಷ್ಟೋ ಮಂದಿ ಕೂಲಿ ಮಾಡಬೇಕಾಯಿತು, ಇಲ್ಲವೇ ಪುನಃ ವಿದ್ಯಾರ್ಥಿಗಳಾಗಬೇಕಾಯಿತು. ಇದೇ ವೈದ್ಯರಲ್ಲಿ ಕೆಲವರನ್ನು ಪಪುವ ನ್ಯೂಗಿನಿಗೂ ಅಂಟಾರ್ಕ್ಟಿಕದ ಶೋಧನಾ ತಂಡಗಳಿಗೂ ನೇಮಿಸಿಕೊಳ್ಳಲು ಮಾತ್ರ ಯಾವ ಅಡ್ಡಿಯೂ ತೋರಲಿಲ್ಲ. ಸ್ಥಳೀಯ ವೈದ್ಯನು ಹೋಗಲೊಲ್ಲದ ಸ್ಥಳದಲ್ಲಿ ಪರದೇಶದ ಪದವಿ ಸಿಂಧುವಾಯಿತು. ನಗರದಲ್ಲಿ ಅದೇ ಪದವಿ ಅಸಿಂಧು. ಎಂದಮೇಲೆ ಅಲ್ಲಿ ಅಳೆದದ್ದು ವಿದ್ಯೆಯನ್ನಲ್ಲ, ವಿದ್ಯಾವಂತನ ಅಸಹಾಯಕತೆಯನ್ನು ಎನ್ನದೆ ವಿಧಿಯಿಲ್ಲ.

ಈ ರೀತಿ ಆ ಕಾಲಕ್ಕೇ ಕೊನೆಗೊಳ್ಳಲಿಲ್ಲ. ವರ್ಣಭೇದದ ವಲಸೆ ನೀತಿ 1966ರಲ್ಲಿ ಸಡಿಲಗೊಂಡು 1973ರಲ್ಲಿ ಪೂರ್ಣವಾಗಿ ಅಳಿಯಿತು. 2021ರ ಜನಗಣತಿಯಲ್ಲಿ, ಪರದೇಶಗಳಲ್ಲಿ ಹುಟ್ಟಿದವರ ಪೈಕಿ ಇಂಗ್ಲೆಂಡಿನವರ ನಂತರದ ಸ್ಥಾನ ಭಾರತದವರದು. ಆದರೆ 1997ರಿಂದ, ಪರದೇಶಗಳಲ್ಲಿ ಕಲಿತು ಬಂದ ವೈದ್ಯನು ಸರ್ಕಾರದ ಆರೋಗ್ಯ ವಿಮೆಯ ಹಣ ಪಡೆಯಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷಗಳವರೆಗೆ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಸೇವೆ ಸಲ್ಲಿಸಬೇಕೆಂಬ ನಿಯಮ ಬಂದಿತು. ನಮ್ಮ ಕಾಲೇಜುಗಳಲ್ಲಿ ಓದಿ ಹೋದವರೂ ಇದಕ್ಕೆ ಒಳಪಟ್ಟವರೇ. ಮಹಾನಗರಗಳ ಹೊರಗೆ ನೆಲಸುವ ಕುಶಲಿಗಳಿಗಾಗಿ 2019ರಲ್ಲಿ ಜಾರಿಗೆ ತಂದ ವೀಸಾದಲ್ಲಿಯೂ, ಖಾಯಂ ವಾಸದ ಹಕ್ಕಿಗೆ ಮುನ್ನ ಮೂರು ವರ್ಷ ಅಂತಹ ಪ್ರದೇಶದಲ್ಲಿಯೇ ಇರಬೇಕೆಂಬ ಷರತ್ತನ್ನು ಸೇರಿಸಲಾಯಿತು. 1947ರ ಕರಾರು ಹೆಸರು ಬದಲಿಸಿಕೊಂಡು ಮುಂದುವರಿದಂತೆ ನಮಗೆ ತೋರುತ್ತದೆ.

ದೂರದ ಊರುಗಳ ರೋಗಿಗೂ ವೈದ್ಯನು ಬೇಕಷ್ಟೆ. ಆದಕಾರಣ ಇಂತಹ ಷರತ್ತುಗಳೆಲ್ಲ ಅನ್ಯಾಯವೆಂದು ನಾವು ಹೇಳುವುದಿಲ್ಲ. ಆದರೆ ಕರಾರು ದಿನಗಳನ್ನು ಎಣಿಸಬಲ್ಲುದೇ ಹೊರತು ಮನಸ್ಸನ್ನು ನಿಲ್ಲಿಸಲಾರದು. ಒಳ್ಳೆಯ ಸಂಬಳ, ಸಂಸಾರಕ್ಕೆ ಮನೆ, ಕಲಿತ ವಿದ್ಯೆಗೆ ತಕ್ಕ ಮನ್ನಣೆ, ಇವು ದೊರೆತಷ್ಟೂ ಜನ ನೆಲೆನಿಂತರು. ದೊರೆಯದಿದ್ದಲ್ಲಿ ಅವಧಿ ತೀರಿದೊಡನೆ ನಗರದ ಹಾದಿ ಹಿಡಿದರು. ಸ್ನೋಯಿ ಬೆಟ್ಟಗಳ ಇತಿಹಾಸದಿಂದ ನೀತಿಕಾರರು ಕಲಿಯಬೇಕಾದುದು ಇದನ್ನೇ.