ಲೈಪ್‌ಜಿಗ್‌ಗೆ ಕಾದಿಟ್ಟ ಅಕ್ಷರ

ಕೆಎ-19 ಕಂಡರೆ ನಾವು ಮಂಗಳೂರಿನ ಗಾಡಿ ಎನ್ನುತ್ತೇವೆ. ಹತ್ತೊಂಬತ್ತಕ್ಕೂ ಮಂಗಳೂರಿಗೂ ಏನು ನಂಟು ಎಂದು ಕೇಳುವುದಿಲ್ಲ. ಅದು ಸರಕಾರ ಕೊಟ್ಟ ಅಂಕೆ ಅಷ್ಟೇ. ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿ ಊರಿನ ಹೆಸರಿನ ಅಕ್ಷರವೇ ನಂಬರ್ ಪ್ಲೇಟಿನ ಮೇಲೆ ಕೂತಿರುತ್ತದೆ. ಆದ್ದರಿಂದಲೇ ಆ ದೇಶದ ಕಳೆದ ಶತಮಾನದ ನೋವನ್ನು ಒಂದಿಷ್ಟು ಈ ತಗಡಿನ ತುಂಡಿನಲ್ಲೇ ಓದಬಹುದು.

ಯುದ್ಧದಲ್ಲಿ ಸೋತ ಜರ್ಮನಿಯನ್ನು ಗೆದ್ದವರು ಹಂಚಿಕೊಂಡಾಗ ಗಾಡಿಗಳ ಮೇಲೂ ಗೆದ್ದವರ ಹೆಸರೇ ಬಂತು. ಅಮೆರಿಕದ ವಶದಲ್ಲಿದ್ದ ಬವೇರಿಯಾದ ಗಾಡಿಗೆ ‘ಎಬಿ’ ಎಂಬ ಗುರುತು. ‘ಎ’ ಅಂದರೆ ಅಮೆರಿಕ. ಈಗಿನ ಪದ್ಧತಿ ಪಶ್ಚಿಮ ಜರ್ಮನಿಯಲ್ಲಿ 1956ರ ಜುಲೈ 1ರಂದು ಜಾರಿಗೆ ಬಂತು. ಮೊದಲು ನಗರ ಅಥವಾ ಜಿಲ್ಲೆಯನ್ನು ಹೇಳುವ ಒಂದರಿಂದ ಮೂರು ಅಕ್ಷರ, ನಂತರ ನೋಂದಣಿ ಕಚೇರಿಯ ಮುದ್ರೆ, ಆಮೇಲೆ ಒಂದೆರಡು ಅಕ್ಷರ, ಕೊನೆಗೆ ಅಂಕೆಗಳು. ಗಾಡಿ ಹೆಚ್ಚಿರುವ ದೊಡ್ಡ ಊರಿಗೆ ಒಂದೇ ಅಕ್ಷರ. ಬರ್ಲಿನ್‌ಗೆ ಬಿ, ಮ್ಯೂನಿಕ್‌ಗೆ ಎಂ, ಕಲೋನ್‌ಗೆ ಕೆ.

ಈ ಪಟ್ಟಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವುದು ‘ಎಲ್’. ಅದನ್ನು ಪೂರ್ವ ಜರ್ಮನಿಯ ಲೈಪ್‌ಜಿಗ್‌ಗೆಂದು ತೆಗೆದಿಟ್ಟಿದ್ದರು. ಲೈಪ್‌ಜಿಗ್ ಆಗ ಬೇರೆಯೇ ರಾಜ್ಯ. ಅಲ್ಲಿ 1953ರಿಂದ ಸ್ವಂತ ಪದ್ಧತಿಯಿತ್ತು. ಆದರೂ ಒಂದು ದಿನ ದೇಶ ಒಂದಾಗುತ್ತದೆ, ಆಗ ಆ ಊರುಗಳಿಗೆ ಅಕ್ಷರ ಬೇಕಾಗುತ್ತದೆ ಎಂದು ಗುಮಾಸ್ತರು ಜಾಗ ಬಿಟ್ಟಿದ್ದರು. ಮನೆಬಿಟ್ಟು ಹೋದವನಿಗೆ ಊಟದ ತಟ್ಟೆ ಮುಚ್ಚಿಡುವ ತಾಯಿಯ ಹಾಗೆ.

ಆದರೆ ಕಾಯುವುದಕ್ಕೂ ಮಿತಿ ಇರುತ್ತದಲ್ಲ. 1977ರಲ್ಲಿ ಗೀಸನ್, ವೆಟ್ಸ್‌ಲರ್ ಎಂಬ ಎರಡು ಊರುಗಳನ್ನು ಬಲವಂತದಿಂದ ಜೋಡಿಸಿ ‘ಲಾನ್’ ಎಂಬ ಹೊಸ ನಗರ ಮಾಡಿದರು. ‘ಎಲ್’ ಅದರ ಪಾಲಾಯಿತು. ಜನ ಒಪ್ಪಲಿಲ್ಲ. 1979ರಲ್ಲಿ ಆ ನಗರವೇ ಇಲ್ಲವಾಯಿತು, ಅಕ್ಷರ ಮಾತ್ರ ಹೊಸ ಲಾನ್-ಡಿಲ್ ಜಿಲ್ಲೆಯಲ್ಲಿ ಉಳಿಯಿತು. 1990ರಲ್ಲಿ ದೇಶ ಒಂದಾದಾಗ ಆ ಜಿಲ್ಲೆ ‘ಎಲ್‌ಡಿಕೆ’ ಆಗಿ ಜಾಗ ಬಿಟ್ಟುಕೊಟ್ಟಿತು. 1991ರಿಂದ ‘ಎಲ್’ ಲೈಪ್‌ಜಿಗ್‌ನದು. ವೆಟ್ಸ್‌ಲರ್‌ನವರಿಗೆ ತಮ್ಮ ಹಳೆಯ ಅಕ್ಷರಗಳು 2012ರಲ್ಲಿ ಮರಳಿ ಸಿಕ್ಕವು.

ಇದೇ ತಗಡು ಜನರನ್ನು ಹೊರಗಟ್ಟಲೂ ಬಳಕೆಯಾಗಿತ್ತು ಎನ್ನುವುದನ್ನು ನಾವು ಮರೆಯಲಾಗದು. 1938ರಲ್ಲಿ ಬರ್ಲಿನ್‌ನ ಯಹೂದಿ ಮಾಲೀಕರ ಕಾರುಗಳಿಗೆ ಪ್ರತ್ಯೇಕ ಅಂಕೆಗಳ ಸರಣಿ ಕೊಡಲಾಯಿತು. ದೂರದಿಂದಲೇ ಪೊಲೀಸನಿಗೆ ಗುರುತು ಸಿಗಬೇಕಿತ್ತು. ಅದೇ ವರ್ಷ ಡಿಸೆಂಬರ್ 3ರಂದು ಹಿಮ್ಲರ್‌ನ ಆದೇಶದಿಂದ ಯಹೂದಿಯರ ಚಾಲನಾ ಪರವಾನಗಿಗಳೇ ರದ್ದಾದವು. ಅಂಕೆಯಲ್ಲಿ ಬೇರ್ಪಡಿಸಿದವರನ್ನು ರಸ್ತೆಯಿಂದಲೇ ಇಳಿಸಲು ಕೆಲವೇ ತಿಂಗಳು ಸಾಕಾಯಿತು.

ಈಗ ಜರ್ಮನಿಯಲ್ಲಿ ಗಾಡಿಯ ಮಾಲೀಕ ಹೆಚ್ಚಿನ ಶುಲ್ಕ ಕೊಟ್ಟು ನಡುವಿನ ಅಕ್ಷರಗಳನ್ನು ಆರಿಸಿಕೊಳ್ಳಬಹುದು. ತನ್ನ ಹೆಸರಿನದೋ, ಮಗಳ ಹೆಸರಿನದೋ ಅಕ್ಷರ ಹಾಕಿಸುವವರು ಬಹಳ. 2015ರಿಂದ ಬೇರೆ ಜಿಲ್ಲೆಗೆ ವಾಸ ಬದಲಿಸಿದರೂ ಹಳೆಯ ಪ್ಲೇಟನ್ನೇ ಇಟ್ಟುಕೊಳ್ಳಲು ಅವಕಾಶವಿದೆ. ಆದರೆ ನಾಜಿ ಕಾಲವನ್ನು ನೆನಪಿಸುವ ಎಸ್‌ಎಸ್, ಎಸ್‌ಎ, ಎಚ್‌ಜೆ, ಎನ್‌ಎಸ್ ಜೋಡಿಗಳನ್ನು ಎಷ್ಟು ಹಣ ಕೊಟ್ಟರೂ ಕೊಡುವುದಿಲ್ಲ. ಯಾತನಾ ಶಿಬಿರಕ್ಕೆ ಜರ್ಮನ್‌ನಲ್ಲಿ ‘ಕೆಝಡ್’ ಎಂಬ ಸಂಕ್ಷೇಪ ಇದ್ದುದರಿಂದ, ಕಲೋನ್‌ನ ‘ಕೆ’ಯ ಪಕ್ಕ ‘ಝಡ್’ ಒಂದೇ ನಿಲ್ಲುವ ಪ್ಲೇಟ್ ಆ ಊರಿನ ಯಾವ ಕಾರಿಗೂ ಸಿಗದು.